ಜೈಸಲ್ಮೇರ್: ಆಟಕ್ಕೆ ಸಮ್, ರಾತ್ರಿಗೆ ಖೂರಿ

ಥಾರ್ ಮರುಭೂಮಿಗೆ ಹೋಗುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ ಇರುತ್ತವೆ. ಎರಡನ್ನೂ ಒಂದೇ ಕಡೆ ಕಳೆಯಬೇಡಿ. ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಹೋದರೆ ಸಮ್, ನೈರುತ್ಯಕ್ಕೆ ಸುಮಾರು 50 ಕಿ.ಮೀ. ಹೋದರೆ ಖೂರಿ. ಎರಡೂ ಕಡೆ ಮರಳುದಿಬ್ಬಗಳಿವೆ. ಜೀಪು, ಪ್ಯಾರಾಚೂಟಿನಲ್ಲಿ ಹಾರುವ ಪ್ಯಾರಾಸೇಲಿಂಗ್, ನಾಲ್ಕು ಚಕ್ರದ ಕ್ವಾಡ್ ಬೈಕ್‌ಗಳ ಗದ್ದಲವೆಲ್ಲ ಸಮ್‌ನದು. ಖೂರಿ ಇನ್ನೂ ಹಳ್ಳಿಯಾಗಿಯೇ ಉಳಿದಿದೆ.

ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲಿದೆ. ಅಲ್ಲಿಂದ ಜೈಸಲ್ಮೇರ್‌ಗೆ ರೈಲಿನಲ್ಲಿ ಐದಾರು ಗಂಟೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಬಹುದು. ಏಪ್ರಿಲ್ ನಂತರದ ಬಿಸಿಲು ಆಟಕ್ಕಲ್ಲ.

ಸಮ್‌ನಲ್ಲಿ ಜೀಪು ಹತ್ತುವ ಮುಂಚೆ ಟೈರು ನೋಡಿ. ಡಾಂಬರು ರಸ್ತೆಯಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಇರುವ ಗಾಳಿಯನ್ನು ಮರಳಿಗೆ 15ರಿಂದ 18ಕ್ಕೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಅಗಲವಾದಷ್ಟೂ ಗಾಡಿ ಹೂತುಕೊಳ್ಳುವುದು ಕಡಿಮೆ. ತೆರೆದ ಜೀಪಿನಲ್ಲಿ ಕಂಬಿ ಹಿಡಿದು ನಿಲ್ಲಲು ಹೇಳಿದರೆ ಒಪ್ಪಬೇಡಿ. ದಿಬ್ಬದ ನೆತ್ತಿ ದಾಟಿ ಗಾಡಿ ಧುಮುಕುವಾಗ ಪಕ್ಕೆಲುಬು ಹೋಗಿ ಬಡಿಯುವುದು ಅದೇ ಕಂಬಿಗೆ. ಕೂತು ಬೆಲ್ಟ್ ಹಾಕಿಕೊಳ್ಳಿ. ಬೆಲ್ಟ್ ಇಲ್ಲದ ಗಾಡಿಯನ್ನು ಬಿಟ್ಟುಬಿಡಿ.

ಕ್ವಾಡ್ ಬೈಕ್ ಮಗುಚುವುದು ಬಹುತೇಕ ಒಂದೇ ತಪ್ಪಿನಿಂದ: ಏರಿನ ಮಧ್ಯೆ ಅಡ್ಡ ತಿರುಗಿಸುವುದು. ದಿಬ್ಬವನ್ನು ನೇರವಾಗಿ ಹತ್ತಬೇಕು, ನೇರವಾಗಿಯೇ ಇಳಿಯಬೇಕು. ಗಾಳಿ ಬೀಸುವ ಬದಿ ನಿಧಾನವಾದ ಏರು. ಮರೆಯ ಬದಿ 30 ಡಿಗ್ರಿ ದಾಟಿದ ಜಾರು. ಆ ಜಾರು ನೆತ್ತಿ ತಲುಪುವವರೆಗೆ ಕಾಣುವುದೇ ಇಲ್ಲ. ಹಾಗಾಗಿ ನೆತ್ತಿಗೆ ಸ್ವಲ್ಪ ಮುಂಚೆಯೇ ವೇಗ ತಗ್ಗಿಸಿ. ವಾಲಿತೆಂದು ಕಾಲು ಕೆಳಗೆ ಚಾಚಬೇಡಿ, ಹಿಂದಿನ ಚಕ್ರ ಪಾದದ ಮೇಲೇ ಹತ್ತುತ್ತದೆ. ಪ್ಯಾರಾಸೇಲಿಂಗ್‌ನಲ್ಲಿ ಹಗ್ಗವನ್ನು ಎಳೆಯುವುದು ಜೀಪು. ಗಾಳಿ ಬಿಟ್ಟು ಬಿಟ್ಟು ರಭಸವಾಗಿ ಬೀಸುತ್ತಿದ್ದರೆ, ದುಡ್ಡು ಕೊಟ್ಟಾಗಿದ್ದರೂ ಹಾರಬೇಡಿ.

ಒಂಟೆ ಏಳುವಾಗ ಹಿಂಗಾಲು ಮೊದಲು ನೇರವಾಗುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಆಗ ಹಿಂದಕ್ಕೆ ಬಾಗಬೇಕು. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ಬಾಗಬೇಕು. ಬೀಳುವವರು ಬಹುಪಾಲು ಇಳಿಯುವ ಹೊತ್ತಿನಲ್ಲಿ, ಸವಾರಿ ಮುಗಿಯಿತೆಂದು ಜೀನಿನ ಹಿಡಿ ಬಿಟ್ಟಾಗ. ಮೊದಲ ಸಲಕ್ಕೆ ಒಂದೂವರೆ ಗಂಟೆ ಸಾಕು. ಚಡ್ಡಿ ಹಾಕಿ ಕೂತರೆ ಒಳತೊಡೆ ಉಜ್ಜಿ ಕೆಂಪಾಗುತ್ತದೆ; ದಪ್ಪ ಹತ್ತಿಯ ಪ್ಯಾಂಟ್ ಒಳ್ಳೆಯದು.

ಇನ್ನು ತಂಗುವ ವಿಚಾರ. 1156ರಲ್ಲಿ ಕಟ್ಟಿದ ಜೈಸಲ್ಮೇರ್ ಕೋಟೆಯೊಳಗೆ ಹೋಟೆಲುಗಳಿವೆ, ಕಿಟಕಿಯಿಂದ ಕಾಣುವ ನೋಟವೂ ಚೆಂದ. ಆದರೂ ದಯವಿಟ್ಟು ಕೋಟೆಯ ಹೊರಗೆ ಉಳಿಯಿರಿ. ನೀರು ವಿರಳವಾಗಿದ್ದ ಕಾಲದ ಕಟ್ಟಡವದು. ಸ್ನಾನದ ಮನೆಗಳಿಂದ ಇಂಗುವ ನೀರು ಬುಡದ ಮಣ್ಣನ್ನು ಮೆತ್ತಗೆ ಮಾಡಿ ಗೋಡೆಗಳನ್ನು ಕುಸಿಯುವಂತೆ ಮಾಡಿದೆ. ಹಗಲು ಹೋಗಿ ನೋಡಿ, ಅಲ್ಲಿನ ಅಂಗಡಿಗಳಲ್ಲಿ ಕೊಳ್ಳಿ, ಸಂಜೆ ಇಳಿದು ಬನ್ನಿ.

ಸಮ್‌ನ ಟೆಂಟುಗಳಲ್ಲಿ ಚಹಾ, ಒಂಟೆ ಸವಾರಿ, ಕಾಲ್‌ಬೇಲಿಯಾ ನೃತ್ಯ, ದಾಲ್ ಬಾಟಿ ಚೂರ್ಮಾ ಊಟ, ಬೆಳಗಿನ ತಿಂಡಿ ಸಾಮಾನ್ಯವಾಗಿ ಒಂದೇ ದರದಲ್ಲಿ ಸೇರಿರುತ್ತವೆ. ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ದಿಬ್ಬ ಟೆಂಟಿನಿಂದ ನಡೆದುಹೋಗುವಷ್ಟು ಹತ್ತಿರವೇ? ಬಿಸಿನೀರು ಗೀಸರಿನದೋ ಬಕೆಟ್ಟಿನದೋ? ಒಂಟೆ ಸವಾರಿ ಎಷ್ಟು ನಿಮಿಷ? ಎಷ್ಟೋ ಕ್ಯಾಂಪುಗಳು ರಸ್ತೆ ಬದಿಯಲ್ಲಿದ್ದು, ಮರಳು ಕಾಣಲು ಮತ್ತೆ ಜೀಪು ಹಿಡಿಯಬೇಕಾಗುತ್ತದೆ.

ಖೂರಿಯಲ್ಲಿ ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಗುಡಿಸಲು ಸಿಗುತ್ತದೆ. ಗಟ್ಟಿ ಮಣ್ಣಿನ ಗೋಡೆ ಹಗಲಿನ ಶಾಖ ಹಿಡಿದಿಟ್ಟುಕೊಳ್ಳುವುದರಿಂದ ಟೆಂಟಿಗಿಂತ ಬೆಚ್ಚಗಿರುತ್ತದೆ. ದಿಬ್ಬದ ಮೇಲೇ ಮಲಗುವುದಾದರೆ ಜನವರಿಯ ಚಳಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆಂಬುದು ನೆನಪಿರಲಿ: ಕೆಳಗೊಂದು ದಪ್ಪ ಹಾಸು, ಮೇಲೆ ಎರಡು ರಜಾಯಿ, ಕಿವಿ ಮುಚ್ಚುವ ಟೋಪಿ. ಇಬ್ಬನಿ ಬೀಳುವುದರಿಂದ ಕ್ಯಾಮೆರಾ ಚೀಲದೊಳಗಿರಲಿ. ಮರಳಿನಲ್ಲಿ ಲೆನ್ಸ್ ಬದಲಿಸಲೇಬೇಡಿ.

ಪಕ್ಕದಲ್ಲೇ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೊನೆಯ ದೊಡ್ಡ ನೆಲೆ ಇದು. ಕಂಡರೆ ಗಾಡಿಯಿಂದ ಇಳಿಯಬೇಡಿ, ಹತ್ತಿರ ಓಡಿಸಬೇಡಿ.

ಬೆಳಗ್ಗೆ ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ದಿಬ್ಬ ಹತ್ತಿ. ಜೀರುಂಡೆ, ಹಲ್ಲಿ, ನರಿಗಳ ರಾತ್ರಿಯ ಹೆಜ್ಜೆಗಳು ಮರಳಿನ ಮೇಲೆ ಹಾಗೇ ಇರುತ್ತವೆ. ಗಾಳಿ ಎದ್ದರೆ ಅಳಿಸಿಹೋಗುತ್ತವೆ. ಹೊರಡುವ ಮುನ್ನ ಬೂಟು ತಲೆಕೆಳಗು ಮಾಡಿ ಕೊಡವಿ, ಒಳಗೆ ಚೇಳು ಇರಬಹುದು.