ಕಾದಂಬರಿ ಡೈರಿ, ವಾರ 11: ಒಲೆಯೇ ಇಲ್ಲದ ಮನೆಯ ಅಜ್ಜ

ಈ ವಾರ ಬರೆದದ್ದು 1,900 ಪದ, ಅಳಿಸಿದ್ದು 2,400. ಲೆಕ್ಕ ನೋಡಿದರೆ ಕಾದಂಬರಿ ಹಿಂದಕ್ಕೆ ಹೋಗಿದೆ. ಆದರೂ ಖುಷಿಯಾಗಿದ್ದೇನೆ. ಮೂರು ವಾರದಿಂದ ಜಪ್ಪಯ್ಯ ಅಂದರೂ ಕದಲದ ನಾಲ್ಕನೇ ಅಧ್ಯಾಯ ಕೊನೆಗೂ ಅಲುಗಾಡಿತು.

ಕಥೆ ನಡೆಯುವುದು ಮಾಸ್ಕೋದ ಒಂದು ಕ್ರುಶ್ಚ್ಯೋವ್ಕಾದಲ್ಲಿ. ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದಲ್ಲಿ ಸಾಲುಸಾಲಾಗಿ ಎದ್ದ ಐದು ಮಹಡಿಯ ಕಟ್ಟಡಗಳಿವು. ಲಿಫ್ಟ್ ಇಲ್ಲ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. 2017ರಲ್ಲಿ ಇಂಥ ಹಳೆಯ ಕಟ್ಟಡಗಳನ್ನು ಸಾವಿರಗಟ್ಟಲೆ ಕೆಡವಿ, ಜನರಿಗೆ ಹೊಸ ಮನೆ ಕೊಡುವ ಯೋಜನೆ ಶುರುವಾಯಿತು. ಐದನೇ ಮಹಡಿಯ ನನ್ನ ಮುದುಕಿಯೂ ಮನೆ ಬಿಡಬೇಕು. ಅವಳ ಡೊಮೊವೊಯ್‌ ಮಾತ್ರ ಒಲ್ಲೆ ಅನ್ನುತ್ತಾನೆ.

ಡೊಮೊವೊಯ್ ಅಂದರೆ ರಷ್ಯದ ಜನಪದ ನಂಬಿಕೆಯಲ್ಲಿ ಮನೆ ಕಾಯುವ ಭೂತ. ಗಡ್ಡದ ಪುಟ್ಟ ಮುದುಕ, ವಾಸ ಒಲೆಯ ಹಿಂದೆ. ಮುನಿಸಿಕೊಂಡರೆ ರಾತ್ರಿ ಎದೆ ಮೇಲೆ ಕೂತುಬಿಡುತ್ತಾನೆ. ಹೆಸರು ಹಿಡಿದು ಕರೆಯುವುದಕ್ಕಿಂತ ‘ದೇದುಷ್ಕಾ’ ಅನ್ನುವುದೇ ಜಾಸ್ತಿ, ಅಂದರೆ ಅಜ್ಜ. ನನ್ನ ತಾಯಿಯ ಊರು ಮಂಗಳೂರಿನ ಕಡೆ. ಅಲ್ಲಿ ಏನಾದರೂ ಕಳೆದುಹೋದರೆ ಕೊರಗಜ್ಜನಿಗೆ ಹರಕೆ ಹೊರುತ್ತಾರೆ. ಹಾಗಾಗಿ ಮೊದಲ ಡ್ರಾಫ್ಟಿನಲ್ಲಿ ಈ ಅಜ್ಜ ನನಗೆ ಗೊತ್ತಿಲ್ಲದೇ ತುಳುನಾಡಿನವನಾಗಿ, ಎಲೆ ಅಡಿಕೆ ಕೇಳತೊಡಗಿದ್ದ! ಅದನ್ನೆಲ್ಲ ತೆಗೆದೆ. ಅವನಿಗೆ ಬ್ರೆಡ್ಡು, ಹಾಲು ಸಾಕು.

ಸಿಕ್ಕಿಬಿದ್ದದ್ದು ಬೇರೆ ಕಡೆ. ರಷ್ಯದ ಹಳ್ಳಿಗಳಲ್ಲಿ ಮನೆ ಬದಲಿಸುವಾಗ ಹಳೇ ಒಲೆಯ ಕೆಂಡವನ್ನು ಮಡಕೆಗೆ ತುಂಬಿ, ‘ಬಾ ಅಜ್ಜ, ಹೊಸ ಮನೆಗೆ’ ಅಂತ ಕರೆದು ಒಯ್ಯುತ್ತಿದ್ದರು. ಗ್ಯಾಸ್ ಒಲೆಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಗ್ಯಾಸ್ ಉರಿಯಿಂದ ಲಾಟೀನು ಹಚ್ಚಿಸಿ ನೋಡಿದೆ. ಸಿನಿಮಾ ಥರ ಆಯಿತು. ಅಳಿಸಿದ 2,400 ಪದ ಅದೇ.

ಆಮೇಲೆ ಇನ್ನೊಂದು ಪದ್ಧತಿ ನೆನಪಾಯಿತು: ಹಳೇ ಚಪ್ಪಲಿಯಲ್ಲೋ ಬೂಟಿನಲ್ಲೋ ಅಜ್ಜನನ್ನು ಕೂರಿಸಿಕೊಂಡು ಹೋಗುವುದು. ಮುದುಕಿಯ ಹತ್ತಿರ ಒಂಟಿ ಉಣ್ಣೆ ಬೂಟೊಂದಿತ್ತು. ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಮೆಟ್ಟಿಲ ಮೇಲೆ ಎಳೆಸಿದೆ. ನಿನ್ನೆ ರಾತ್ರಿ ಬರೆದದ್ದು:

‘ನಾಲ್ಕನೇ ಮಹಡಿಯಲ್ಲಿ ಬೂಟು ಸ್ವಲ್ಪ ಭಾರವಾಯಿತು. ಮೂರನೆಯದರಲ್ಲಿ ಎರಡೂ ಕೈ ಹಾಕಬೇಕಾಯಿತು. ಖಾಲಿ ಮನೆಗಳ ಬಾಗಿಲು ಒಂದೊಂದೇ ಕಿರ್ರೆಂದವು. “ಎಷ್ಟು ಜನ ಹತ್ತಿದಿರೋ?” ಅಂದಳು. ಬೂಟಿನೊಳಗೆ ಯಾರೋ ಕೆಮ್ಮಿದರು.’

ಇದು ಸುಮ್ನೆ ಬಂದ ಸಾಲು, ಪ್ಲಾನಿನಲ್ಲಿ ಇರಲೇ ಇಲ್ಲ. ಬೇರೆಯವರು ಬಿಟ್ಟುಹೋದ ಅಜ್ಜಂದಿರೂ ಎಲ್ಲಾದರೂ ಹೋಗಬೇಕಲ್ವಾ?

ನೆಲದಡಿಯ ಪೈಪಿನಲ್ಲಿ ಹರಿಯುವ ನೆಗ್ಲಿನ್ನಾಯ ನದಿ, ಅದರೊಳಗಿನ ನೀರುಭೂತ, ಇವೆಲ್ಲ ಆರನೇ ಅಧ್ಯಾಯಕ್ಕೆ ಹೋದವು. ಮುಂದಿನ ವಾರದ ತಲೆನೋವು ಬೇರೆ. ಹೊಸ ಕಟ್ಟಡದ ಲಿಫ್ಟಿನಲ್ಲಿ ‘400 ಕೆಜಿ’ ಅಂತ ಬೋರ್ಡಿದೆ. ಬೂಟಿನಲ್ಲಿ ಈಗ ಇಪ್ಪತ್ತು ಜನ.