ಮಾಯಾ ಕೊಲ್ಲಿಗೆ ತಂದು ನೆಟ್ಟ ತೆಂಗಿನ ಮರಗಳು

ಚಿತ್ರೀಕರಣದಿಂದ ಪರಿಸರಕ್ಕಾಗುವ ಹಾನಿಯ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಥಾಯ್ಲೆಂಡಿನ ಕ್ರಾಬಿ ಪ್ರಾಂತದ ಮಾಯಾ ಕೊಲ್ಲಿ. ಸುಣ್ಣಕಲ್ಲಿನ ಕಡಿದಾದ ಬಂಡೆಗಳು ಸುತ್ತುವರಿದಿರುವ ಈ ಪುಟ್ಟ ಕಡಲತೀರ ಫಿ ಫಿ ಲೇ ದ್ವೀಪದಲ್ಲಿ, ರಾಷ್ಟ್ರೀಯ ಉದ್ಯಾನವೊಂದರ ಒಳಗೆ ಇದೆ. 1999ರಲ್ಲಿ ‘ದಿ ಬೀಚ್’ ಎಂಬ ಹಾಲಿವುಡ್ ಚಿತ್ರದ ತಂಡ ಇಲ್ಲಿಗೆ ಬಂದಾಗ, ಇದ್ದ ಕಡಲತೀರ ಅವರ ಕಲ್ಪನೆಯ ಸ್ವರ್ಗಕ್ಕೆ ಸಾಲದಾಯಿತು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಅವರು ಮರಳದಿಬ್ಬಗಳನ್ನು ಯಂತ್ರದಿಂದ ಸಮತಟ್ಟು ಮಾಡಿ, ಅಲ್ಲಿ ತಾನಾಗಿ ಬೆಳೆದಿದ್ದ ಗಿಡಗಳನ್ನು ಕಿತ್ತು, ಹೊರಗಿನಿಂದ ತೆಂಗಿನ ಮರಗಳನ್ನು ತರಿಸಿ ನೆಟ್ಟರು.

ಕಿತ್ತ ಗಿಡಗಳಲ್ಲಿ ಕೇದಗೆಯ ಜಾತಿಯವೂ ಇದ್ದವು. ಇಂಥ ಗಿಡಗಳ ಬೇರುಗಳೇ ಮಳೆಗಾಲದ ಅಲೆಗಳೆದುರು ಮರಳನ್ನು ಹಿಡಿದಿಡುತ್ತವೆ. ನಮ್ಮ ಕರಾವಳಿಯಲ್ಲಿ ಅಡುಂಬು ಬಳ್ಳಿ ಮಾಡುವ ಕೆಲಸವೂ ಇದೇ. ಚಿತ್ರೀಕರಣ ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಿದ್ದೇವೆ, ಕಸವನ್ನೂ ತೆಗೆದಿದ್ದೇವೆ ಎಂದು ನಿರ್ಮಾಪಕರು ಹೇಳಿದರು. ಆದರೆ ಕಿತ್ತ ಗಿಡವನ್ನು ಮತ್ತೆ ನೆಡುವುದು ಬೇರೆ, ದಿಬ್ಬದೊಳಗೆ ವರ್ಷಗಟ್ಟಲೆ ಹೆಣೆದುಕೊಂಡ ಬೇರಿನ ಬಲೆ ಮರಳಿ ಬರುವುದು ಬೇರೆ. ಸ್ಥಳೀಯರು ನ್ಯಾಯಾಲಯಕ್ಕೆ ಹೋದರು. ಪರಿಸರಕ್ಕೆ ಹಾನಿಯಾಗಿದೆ ಎಂಬ ತೀರ್ಪನ್ನು ಥಾಯ್ಲೆಂಡಿನ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಎತ್ತಿಹಿಡಿಯಿತು. ನನ್ನನ್ನು ಹೆಚ್ಚು ನೋಯಿಸುವುದು ಚಿತ್ರತಂಡದ ಆಸೆಯಲ್ಲ, ಕಾಯಬೇಕಾದ ಇಲಾಖೆಯೇ ಅದಕ್ಕೆ ಒಪ್ಪಿಗೆ ಕೊಟ್ಟದ್ದು.

ಸಾಮಾನ್ಯವಾಗಿ ಚಿತ್ರೋದ್ಯಮದ ಲೆಕ್ಕಾಚಾರಗಳು ಜನರೇಟರಿನ ಡೀಸೆಲ್, ವಾಹನಗಳು, ವಿಮಾನ ಪ್ರಯಾಣ, ಸೆಟ್ಟಿನ ಮರ ಮತ್ತು ಥರ್ಮಾಕೋಲ್‌ಗಳ ಸುತ್ತ ಇರುತ್ತವೆ. ಆ ಲೆಕ್ಕ ಅಗತ್ಯವೇ. ಆದರೆ ಚಿತ್ರ ತೆರೆಕಂಡ ನಂತರ ಆ ಜಾಗವನ್ನು ಹುಡುಕಿಕೊಂಡು ಬರುವ ಜನರ ಭಾರ ಯಾವ ತಂಡದ ಪಟ್ಟಿಯಲ್ಲೂ ಸೇರುವುದಿಲ್ಲ. 2000ದಲ್ಲಿ ಚಿತ್ರ ಬಿಡುಗಡೆಯಾದ ಬಳಿಕ ಮಾಯಾ ಕೊಲ್ಲಿಗೆ ಬರುವವರು ಹೆಚ್ಚುತ್ತಲೇ ಹೋಗಿ, ದಿನಕ್ಕೆ ಸಾವಿರಾರು ಜನ ಇಳಿಯುವಂತಾಯಿತು. ದೋಣಿಗಳ ಲಂಗರು, ಜನರ ಕಾಲ್ತುಳಿತ ಮತ್ತು ಮೈಗೆ ಹಚ್ಚಿಕೊಂಡ ಸನ್‌ಸ್ಕ್ರೀನ್‌ನಿಂದ ಹವಳದ ದಿಣ್ಣೆಗಳು ನಲುಗಿದವು.

2018ರ ಜೂನ್‌ನಲ್ಲಿ ನಾಲ್ಕು ತಿಂಗಳಿಗೆಂದು ಮುಚ್ಚಿದ ಕೊಲ್ಲಿ ತೆರೆದದ್ದು 2022ರ ಜನವರಿಯಲ್ಲಿ. ಆ ನಡುವೆ ಹವಳದ ತುಂಡುಗಳನ್ನು ನೆಟ್ಟರು. ಕಪ್ಪು ತುದಿಯ ರೆಕ್ಕೆಯ ಶಾರ್ಕ್‌ಗಳು ತೀರದ ತಿಳಿನೀರಿಗೆ ಮರಳಿ ಬಂದವು. ಈಗ ದೋಣಿಗಳು ಕೊಲ್ಲಿಯ ಒಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಜನರನ್ನು ಇಳಿಸಬೇಕು.