ಮಾರುತಿ 800ಕ್ಕೆ ಝೆನ್ ಡಿಸ್ಕ್: ಫಿಟ್ಟಿಂಗ್ ಆಯ್ತು, ಸ್ಟೆಪ್ನಿ ಬಾಕಿ

ಕಾರು ಎಸ್‌ಬಿ308 ಬಾಡಿಯ (ಕಂಪನಿಯ ಮಾದರಿ ಸಂಕೇತ) ಮಾರುತಿ 800. ಇದರ ಅಳತೆ 12 ಇಂಚಿನ ಡಿಸ್ಕ್ (ಟೈರು ಕೂರುವ ಲೋಹದ ಚಕ್ರ, ಬ್ರೇಕ್ ಡಿಸ್ಕ್ ಅಲ್ಲ), 145/70 ಟೈರು (ಅಗಲ 145 ಮಿ.ಮೀ., ಪಕ್ಕದ ಎತ್ತರ ಅದರ ಶೇ. 70). ಈಗ ಕೂತಿರುವುದು ಹಳೇ ಝೆನ್‌ನ 13 ಇಂಚಿನ ಡಿಸ್ಕ್, 155/65 ಟೈರು. ಎರಡೂ ಕಾರಿನ ಪಿಸಿಡಿ (ನಟ್ಟಿನ ತೂತುಗಳು ಕೂತಿರುವ ವೃತ್ತದ ವ್ಯಾಸ) 4×114.3, ಅಂದರೆ ನಾಲ್ಕು ತೂತು, 114.3 ಮಿ.ಮೀ. ವ್ಯಾಸ; ನಟ್ಟು ಹತ್ತುವ ಸ್ಟಡ್ ಎಂ12 (12 ಮಿ.ಮೀ. ದಪ್ಪ), ಪಿಚ್ (ಮರೆಗಳ ಅಂತರ) 1.25 ಮಿ.ಮೀ. ತೂತು ಹೊಂದಿಸುವ ಅಡಾಪ್ಟರ್ ಗೋಜಿಲ್ಲ. ಸ್ವಿಫ್ಟ್‌ನದು 4×100, ಕೂರುವುದೇ ಇಲ್ಲ. ಗುಜರಿಯಲ್ಲಿ "ಎಲ್ಲಾ ಮಾರುತಿಗೂ ಆಗುತ್ತೆ ಸಾರ್" ಅಂದರೆ ಟೇಪ್ ತೆಗೆಯಿರಿ: ಅಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ 81 ಮಿ.ಮೀ. ಆಸುಪಾಸು ಬಂದರೆ 114.3, 71 ಬಂದರೆ 100.

ತಂದ ನಾಲ್ಕರಲ್ಲಿ ಒಂದರ ಒಳಅಂಚು ಬೆಂಡ್. ಹೊರಗಿನಿಂದ ಗೊತ್ತಾಗಲಿಲ್ಲ, ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ತಿರುಗಿಸಿದಾಗ ಕುಣಿಯಿತು. ಬದಲಾಯಿಸಿದ್ದಾಯಿತು.

ಕೈಕೊಟ್ಟಿದ್ದು ಪೇಂಟ್. ನಟ್ಟು ಕೂರುವ ಕೋನ್ ಆಕಾರದ ಗುಳಿಗಳಿಗೂ ದಪ್ಪಗೆ ಬಳಿದಿದ್ದರು. ಬಿಗಿದ ನಟ್ಟುಗಳು 50 ಕಿ.ಮೀ. ಓಡುವಷ್ಟರಲ್ಲಿ ಸಡಿಲ: ಒತ್ತಡಕ್ಕೆ ಪೇಂಟ್ ಪುಡಿಯಾಗಿ, ಅಷ್ಟು ಜಾಗ ಖಾಲಿ. ಗುಳಿ ಮತ್ತು ಹಬ್‌ಗೆ (ಡಿಸ್ಕ್ ಕೂರುವ ಕಾರಿನ ಭಾಗ) ತಾಗುವ ಮುಖ ಎರಡನ್ನೂ ವೈರ್ ಬ್ರಷ್‌ನಿಂದ ಲೋಹ ಕಾಣುವವರೆಗೆ ಕೆರೆದು, ಕಾರು ಜ್ಯಾಕ್ ಮೇಲಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಕೂರಿಸಿ, ಚಕ್ರ ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚಿನಲ್ಲಿ (ಬಿಗಿಯನ್ನು ಅಳೆಯುವ ಸ್ಪ್ಯಾನರ್) ಬಿಗಿದದ್ದು. ಮತ್ತೆ 50 ಕಿ.ಮೀ. ಆದ ಮೇಲೆ ನೋಡಿದರೆ ಅಲುಗಿಲ್ಲ. ಉಕ್ಕಿನ ಡಿಸ್ಕ್ ಬದಲು ಅಲಾಯ್ (ಮಿಶ್ರಲೋಹದ ಚಕ್ರ) ಹಾಕುವವರು ನಟ್ಟು ಕೈಯಲ್ಲೇ ಎಷ್ಟು ಸುತ್ತು ಹೋಗುತ್ತದೆ ಎಣಿಸಿ. ಎಂಟು–ಹತ್ತು ಸುತ್ತಿಗಿಂತ ಕಡಿಮೆಯಾದರೆ ಆ ಸ್ಟಡ್ಡಿಗೆ ಆ ಅಲಾಯ್ ಬೇಡ.

ಟೈರಿನ ಹೊರವ್ಯಾಸ 508ರಿಂದ 532 ಮಿ.ಮೀ.ಗೆ ಏರಿದೆ. ಕಾರು 12 ಮಿ.ಮೀ. ಎತ್ತರವಾಯಿತು, ಹಂಪ್ ದಾಟಲು ಹಾಯೆನಿಸುತ್ತದೆ. ಸ್ಪೀಡೋಮೀಟರ್ ಮುಳ್ಳು 60 ತೋರಿಸಿದಾಗ ನಿಜವಾದ ವೇಗ ಸುಮಾರು 63. 796 ಸಿಸಿ ಎಂಜಿನ್ನಿಗೆ ಗೇರು ಅಷ್ಟೇ ಉದ್ದವಾದಂತೆ, ಅಂದರೆ ಎಳೆತ ಅಷ್ಟು ಕಡಿಮೆ. ನಾಲ್ಕು ಜನ ಕೂತು ಘಾಟಿ ಹತ್ತುವಾಗ ಒಂದು ಗೇರು ಬೇಗ ಇಳಿಸಬೇಕು.

ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ರಿವರ್ಸ್ ಬಂದರೆ ಎಡ ಮುಂದಿನ ಟೈರು ಮಡ್‌ಫ್ಲಾಪಿಗೆ ಉಜ್ಜುತ್ತಿತ್ತು, ಟೈರಿನ ಭುಜದ ಮೇಲೆ ಕಪ್ಪಗೆ ಹೊಳೆಯುವ ಒಂದು ಗೆರೆ. ಫ್ಲಾಪಿನ ಅಂಚು 10 ಮಿ.ಮೀ. ಕತ್ತರಿಸಿದ ಮೇಲೆ ಸದ್ದಿಲ್ಲ.

ಸ್ಟೆಪ್ನಿ ಇನ್ನೂ 12 ಇಂಚಿನದೇ. ಐದನೇ ಡಿಸ್ಕ್ ಸಿಗುವವರೆಗೆ ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನದನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಬೇಕು. ಎರಡು ಸಲ ಜ್ಯಾಕ್ ಹೊಡೆಯುವ ಕೆಲಸ ನಿಜ. ಆದರೆ ಮುಂದೆ ಒಂದು ಚಿಕ್ಕದು, ಒಂದು ದೊಡ್ಡದು ಇದ್ದರೆ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನೇ ಆದ್ದರಿಂದ, ತಿರುವಿನಲ್ಲಿ ಅವೆರಡರ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್‌ನ ಒಳಗೇರುಗಳು ನೇರ ರಸ್ತೆಯಲ್ಲೂ ತಿರುಗುತ್ತಲೇ ಇರುತ್ತವೆ.